ತೊಗಟೆಯ ಕೆಳಗಿನ ಹತ್ತು ತಿಂಗಳು

ಗುರುಪುರ, ಹನಗೋಡು, ವೀರನಹೊಸಹಳ್ಳಿ ಸುತ್ತಿನ ಹೊಲಗಳು ಕಾಫಿಯ ಹೊಲಗಳಲ್ಲ. ರಾಗಿ, ಮುಸುಕಿನ ಜೋಳ, ಹೊಗೆಸೊಪ್ಪು, ಅಲ್ಲಲ್ಲಿ ಶುಂಠಿ. ಹುಣಸೂರು ತಾಲ್ಲೂಕಿನ ಈ ಅಂಚಿನದು ಬಯಲುಸೀಮೆಯ ಬೇಸಾಯವೇ. 1970ರ ದಶಕದ ಆರಂಭದಲ್ಲಿ ಇಲ್ಲಿ ಬಂದು ನೆಲೆಸಿದ ಟಿಬೆಟನ್ನರೂ ಜೋಳವನ್ನೇ ಬಿತ್ತಿದರು. ಆದರೆ ಪಡುವಣಕ್ಕೆ ನಾಗರಹೊಳೆಯ ಕಾಡು ದಾಟಿದರೆ ತಿತಿಮತಿ, ಗೋಣಿಕೊಪ್ಪ, ಪಾಲಿಬೆಟ್ಟ, ಸಿದ್ದಾಪುರ: ದಕ್ಷಿಣ ಕೊಡಗಿನ ಕಾಫಿ ಸೀಮೆ. ಕಾಡು ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಎಂದು ದೂರದಿಂದ ನೋಡಿ ಹೇಳುವುದು ಕಷ್ಟ. ಬ್ರೆಜಿಲಿನ ಕಾಫಿ ಬಟಾಬಯಲಿನಲ್ಲಿ ಸಾಲುಸಾಲಾಗಿ ಬಿಸಿಲು ಕಾಯುತ್ತ ನಿಂತಿರುತ್ತದೆ. ಕೊಡಗಿನ ಕಾಫಿ ಅತ್ತಿ, ಗೋಣಿ, ಹೊನ್ನೆ, ಬೀಟೆಗಳ ಬುಡದಲ್ಲಿ ಬೆಳೆಯುತ್ತದೆ. ಈ ಮರದ ಚಪ್ಪರವನ್ನು ನಾವು ಈಗ ಕೊಡಗಿನ ಹಳೆಯ ಸಂಸ್ಕೃತಿಯೆಂದೋ ಬೆಳೆಗಾರರ ಪರಿಸರಪ್ರೀತಿಯೆಂದೋ ಹೊಗಳುತ್ತೇವೆ. ಹೊಗಳಿಕೆಯಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಇತಿಹಾಸ ಹೇಳುವ ಕಾರಣ ಬೇರೆಯದು. ಈ ಸೀಮೆಯ ದೊಡ್ಡ ಎಸ್ಟೇಟುಗಳು ಒಮ್ಮೆ ಮರಗಳನ್ನು ಕಡಿದು ಸುಟ್ಟಿದ್ದವು. ಅವು ಮತ್ತೆ ಮರಗಳ ಕೆಳಗೆ ಬಂದದ್ದು ಒಂದು ದುಂಬಿಯ ಭಯದಿಂದ. ಹೆಬ್ಬೆರಳಿನ ಉಗುರಿನಷ್ಟು ಉದ್ದದ ಆ ದುಂಬಿಯ ಒಂದು ವರ್ಷದ ಬದುಕು ಹೇಗಿದೆಯೋ ಅದಕ್ಕೆ ತಕ್ಕಂತೆ ಈ ತೋಟಗಳ ರೂಪ, ಕೆಲಸದ ತಿಂಗಳುಗಳು, ಕೊನೆಗೆ ಹುಣಸೂರಿಗೆ ಇಳಿದುಬರುತ್ತಿದ್ದ ಮೂಟೆಯೊಳಗಿನ ಸರಕು ಕೂಡ ರೂಪುಗೊಂಡವು ಎಂಬುದು ನನ್ನ ವಾದ.

ಬೆಳೆಗಾರರ ಬಾಯಲ್ಲಿ ಇದು ‘ಬೋರರ್’. ಕೃಷಿ ಇಲಾಖೆಯ ಕನ್ನಡದಲ್ಲಿ ‘ಬಿಳಿ ಕಾಂಡಕೊರಕ’. ಬಿಳಿ ಎಂದದ್ದು ಮರಿಹುಳುವಿನ ಬಣ್ಣಕ್ಕೆ. ದುಂಬಿ ಕಪ್ಪು, ಮೈಮೇಲೆ ಬೂದಿ ಬಿಳುಪಿನ ಪಟ್ಟೆಗಳು. ವಿಜ್ಞಾನದ ಹೆಸರು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ಫ್ರಾನ್ಸಿನ ಕೀಟತಜ್ಞ ಷೆವ್ರೊಲಾ 1863ರಲ್ಲಿ ಈ ಹೆಸರಿಟ್ಟ. ಕ್ವಾಡ್ರಿಪೆಸ್ ಎಂದರೆ ನಾಲ್ಕು ಕಾಲಿನದು. ಆರು ಕಾಲಿನ ಹುಳುವಿಗೆ ಈ ಹೆಸರು ನಿಂತುಬಿಟ್ಟಿದೆ. ಉದ್ದಮೀಸೆಯ ದುಂಬಿಗಳ ಕುಲಕ್ಕೆ ಸೇರಿದರೂ ಇದರ ಮೀಸೆ ಮೈಗಿಂತ ಗಿಡ್ಡ. ಇದು ಹಾರಾಡುವುದು ವರ್ಷದಲ್ಲಿ ಎರಡು ಸಲ: ಹೂಮಳೆ ಮುಗಿದು ಮುಂಗಾರು ಹಿಡಿಯುವ ಮೊದಲಿನ ಏಪ್ರಿಲ್-ಮೇ ಬಿಸಿಲಲ್ಲಿ ಒಮ್ಮೆ, ಮಳೆಗಾಲ ಹಿಂದೆ ಸರಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನ ತನಕ ಇನ್ನೊಮ್ಮೆ. ಗಂಡು ಸೂಸುವ ವಾಸನೆಗೆ ಹೆಣ್ಣು ಬರುತ್ತದೆ. ಕೂಡಿದ ಮೇಲೆ ಹೆಣ್ಣು ಕಾಫಿ ಗಿಡದ ಬೊಡ್ಡೆಯ ಮೇಲೆ, ದಪ್ಪ ರೆಂಬೆಗಳ ಮೇಲೆ ಓಡಾಡುತ್ತ ತೊಗಟೆಯ ಬಿರುಕುಗಳಲ್ಲಿ ಒಂದೆರಡರಂತೆ ಮೊಟ್ಟೆ ತುರುಕುತ್ತ ಹೋಗುತ್ತದೆ. ಒಂದು ಹೆಣ್ಣು ಐವತ್ತರಿಂದ ನೂರರ ತನಕ ಮೊಟ್ಟೆ ಇಡಬಲ್ಲದು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದೇ. ಈ ಓಡಾಟ, ಕೂಡುವಿಕೆ, ಮೊಟ್ಟೆಯಿಡುವಿಕೆ ಎಲ್ಲವೂ ನಡೆಯುವುದು ಚುರುಗುಟ್ಟುವ ಬಿಸಿಲಿನಲ್ಲಿ, ಬಿಸಿಲು ನೇರವಾಗಿ ತಾಗಿದ ಬೊಡ್ಡೆಯ ಮೇಲೆ. ಮೋಡ ಕವಿದರೆ, ಮಳೆ ಹಿಡಿದರೆ, ದಟ್ಟ ನೆರಳು ಬಿದ್ದರೆ ದುಂಬಿ ಮಂಕಾಗುತ್ತದೆ. ಅದರ ಆಯುಷ್ಯದಲ್ಲಿ ಗಿಡದ ಹೊರಗಿರುವುದು ಕೆಲವೇ ವಾರ. ಆ ಕೆಲವು ವಾರಗಳಲ್ಲಿ ಬಿಸಿಲು ಸಿಗದಿದ್ದರೆ ವಂಶ ಮುಂದುವರಿಯುವುದು ದುಸ್ತರ.

ಎಂಟು ಹತ್ತು ದಿನಕ್ಕೆ ಮೊಟ್ಟೆಯೊಡೆದು ಬಂದ ಮರಿ ಮೊದಲು ತೊಗಟೆಯ ಅಡಿಯಲ್ಲಿ, ಮೆತ್ತಗಿನ ಪದರದಲ್ಲಿ ತಿನ್ನುತ್ತ ಸುತ್ತುತ್ತದೆ. ಅದು ಸುತ್ತಿದ ದಾರಿ ಹೊರಗಿನಿಂದ ಉಬ್ಬಿದ ಗೆರೆಯಾಗಿ ಕಾಣುತ್ತದೆ. ಸುಮಾರು ಎರಡು ತಿಂಗಳಾದ ಮೇಲೆ ಗಟ್ಟಿ ಮರದೊಳಕ್ಕೆ ಹೊಕ್ಕರೆ ಮುಗಿಯಿತು. ಅಲ್ಲಿಂದ ಎಂಟು ಒಂಬತ್ತು ತಿಂಗಳು ಅದು ಎತ್ತ ಬೇಕಾದರೂ ಸುರಂಗ ಕೊರೆಯುತ್ತದೆ, ಕೆಲವೊಮ್ಮೆ ಬೇರಿನ ತನಕ. ಕೊರೆದ ಹಿಂದೆಯೇ ತನ್ನ ಹಿಕ್ಕೆ ಮತ್ತು ಮರದ ಹುಡಿಯನ್ನು ಗಟ್ಟಿಯಾಗಿ ತುಂಬುತ್ತ ಬರುತ್ತದೆ. ಬೇರೆ ಕಾಂಡಕೊರಕಗಳು ಗಿಡದಲ್ಲಿ ತೂತು ಬಿಟ್ಟು ಹುಡಿ ಹೊರಗೆ ಚೆಲ್ಲುತ್ತವೆ. ಆ ತೂತಿನಲ್ಲಿ ತಂತಿ ಹಾಕಿ ಚುಚ್ಚಬಹುದು, ಔಷಧಿ ಅದ್ದಿದ ಹತ್ತಿ ತುರುಕಬಹುದು. ಇದು ಬಾಗಿಲನ್ನೇ ಉಳಿಸುವುದಿಲ್ಲ. ಎಲೆ ಹಳದಿಯಾಗಿ ಜೋತುಬಿದ್ದು ಗಿಡ ಸೊರಗಿದಾಗಲೇ ಒಳಗೆ ಏನೋ ಇದೆಯೆಂದು ತಿಳಿಯುವುದು. ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಅಂಥ ಗಿಡ ಲಟಕ್ಕನೆ ಮುರಿಯುತ್ತದೆ. ಏಳೆಂಟು ವರ್ಷದೊಳಗಿನ ಎಳೆ ಗಿಡ ಒಂದೇ ವರ್ಷದಲ್ಲಿ ಸಾಯಬಹುದು. ಬಲಿತ ಗಿಡ ಕೆಲವು ಬೆಳೆ ಕೊಟ್ಟು ಸಾಯುತ್ತದೆ. ಬಲಿತ ಹುಳು ತೊಗಟೆಗೆ ಸಮೀಪ ಬಂದು, ಅಲ್ಲೊಂದು ಗೂಡು ಮಾಡಿ, ಮೂರು ನಾಲ್ಕು ವಾರ ಕೋಶವಾಗಿದ್ದು, ದುಂಬಿಯಾದ ಮೇಲೂ ಕೆಲವು ದಿನ ಒಳಗೇ ಕೂತಿದ್ದು, ಬಿಸಿಲು ಕಾದಾಗ ದುಂಡಗಿನ ತೂತು ಕೊರೆದು ಹೊರಬೀಳುತ್ತದೆ. ಒಟ್ಟು ಲೆಕ್ಕ ಹೆಚ್ಚುಕಡಿಮೆ ಒಂದು ವರ್ಷ. ಅದರಲ್ಲಿ ಹತ್ತು ತಿಂಗಳು ಮನುಷ್ಯನ ಕೈಗೆ ನಿಲುಕದ ಕತ್ತಲಲ್ಲಿ.

ಇಲ್ಲಿ ಮೊದಲು ಬೆಳೆದ ಅರೇಬಿಕಾ ಕಾಫಿ ಇಥಿಯೋಪಿಯಾದ ಗಿಡ, ದುಂಬಿ ಏಷ್ಯಾದ್ದು. ಬರ್ಮಾ, ಥಾಯ್ಲೆಂಡ್, ವಿಯೆಟ್ನಾಂ ಕಾಡುಗಳಲ್ಲೂ ಇದೆ. ಬಾಬಾಬುಡನ್ ಗಿರಿಗೆ ಕಾಫಿ ಬರುವ ಎಷ್ಟೋ ಮೊದಲಿನಿಂದ ಅದು ನಮ್ಮ ಕಾಡುಮರಗಳನ್ನು ತಿಂದು ಬದುಕಿತ್ತು. ಪರಕೀಯವಾದದ್ದು ಗಿಡ, ಹುಳುವಲ್ಲ. ಹಾಗಾಗಿ ‘ಪೀಡೆ ಎಲ್ಲಿಂದಲೋ ಬಂತು’ ಎಂಬ ಮಾತು ಇಲ್ಲಿ ನಡೆಯದು; ಹುಳುವಿನ ನೆಲೆಗೆ ಹೋಗಿ ಅದರ ಮುಂದೆ ತಡೆಶಕ್ತಿಯಿಲ್ಲದ ಮೆತ್ತನೆಯ ಕಟ್ಟಿಗೆಯನ್ನು ಸಾವಿರಾರು ಎಕರೆ ಹರಡಿದವರು ನಾವು. ಅದೂ ಎಂಥ ರೀತಿಯಲ್ಲಿ! 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿತು. 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಎಂಬವನು ಮೊದಲ ಐರೋಪ್ಯ ಎಸ್ಟೇಟು ತೆರೆದ. ಹಿಂದೆಯೇ ಬಂದವರು ಸಂಪಾಜೆ, ಪೆರಂಬಾಡಿ ಘಟ್ಟಗಳ ಇಳಿಜಾರುಗಳನ್ನು ಕಡಿದು, ಬೇಸಿಗೆಯಲ್ಲಿ ಬೆಂಕಿಯಿಟ್ಟು, ಬೂದಿಯಲ್ಲಿ ಸಸಿ ನೆಟ್ಟರು. ಮೊದಮೊದಲು ಬೆಳೆ ಉಕ್ಕಿ ಬಂತು. ಆಮೇಲೆ ಘಟ್ಟದ ಮಳೆ ಬರಿಮೈಯಾದ ಇಳಿಜಾರಿನ ಮಣ್ಣನ್ನು ಹೊಳೆಗೆ ಒಯ್ದಿತು. ಅಲ್ಲಿನ ಹಲವು ತೋಟಗಳನ್ನು ಬಿಟ್ಟುಕೊಟ್ಟರು. ಮಳೆ ಕಡಿಮೆಯಿರುವ, ನೆಲ ಸಮವಿರುವ ಮೂಡಣ ಅಂಚು, ಅಂದರೆ ಹುಣಸೂರು-ಪಿರಿಯಾಪಟ್ಟಣಗಳ ಕಡೆ ಮುಖಮಾಡಿರುವ ಬಿದಿರು ಸೀಮೆ ಹೆಚ್ಚು ಅನುಕೂಲವೆಂದು ಕಂಡಿತು. ಮಳೆಯ ದೃಷ್ಟಿಯಿಂದ ಅದು ಸರಿ. ದುಂಬಿಯ ದೃಷ್ಟಿಯಿಂದ ಅದು ಔತಣ: ದೀರ್ಘ ಬೇಸಿಗೆ, ನಿರ್ಮಲ ಆಕಾಶ, ಕಾದ ಬೊಡ್ಡೆ.

1860ರ ದಶಕದ ನಡುವಿನ ಒಣ ವರ್ಷಗಳಲ್ಲಿ ಕೊಡಗು, ಮೈಸೂರು, ವಯನಾಡುಗಳ ತೋಟಗಳು ಸಾಲುಸಾಲಾಗಿ ಸಾಯತೊಡಗಿದವು. ಗೊಬ್ಬರ ಹಾಕಿದ್ದರು, ಕಳೆ ತೆಗೆದಿದ್ದರು. ಎಲೆ ಮಾತ್ರ ಹಳದಿಯಾಗುತ್ತಲೇ ಇತ್ತು. ಬೆಳೆಗಾರರ ಕೂಗು ಮದ್ರಾಸ್ ಸರ್ಕಾರವನ್ನು ಮುಟ್ಟಿತು. ಸರ್ಕಾರ ಜಾರ್ಜ್ ಬಿಡಿ ಎಂಬ ಸೈನ್ಯದ ವೈದ್ಯನನ್ನು, ಮುಂದೆ ಮದ್ರಾಸ್ ಮ್ಯೂಸಿಯಮ್ಮಿನ ಮುಖ್ಯಸ್ಥನಾದವನನ್ನು, ತೋಟಗಳಿಗೆ ಕಳಿಸಿತು. ಅವನ ವರದಿ 1869ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಕಾಫಿ ಕಾಂಡಕೊರಕದ ಮೇಲೆ ನಮ್ಮ ಸೀಮೆಯಲ್ಲಿ ನಡೆದ ಮೊದಲ ದೊಡ್ಡ ತನಿಖೆ ಅದು. ಬಿಡಿ ಹುಳುವನ್ನು ಮೊಟ್ಟೆಯಿಂದ ದುಂಬಿಯ ತನಕ ಹಿಂಬಾಲಿಸಿ, ಒಣಹವೆಯ ಜೊತೆಗೆ ಮುಖ್ಯ ದೋಷ ನೆರಳಿಲ್ಲದ ಬೇಸಾಯದಲ್ಲಿದೆ ಎಂದು ಹೇಳಿದ. ಹುಳು ಹಿಡಿದ ಗಿಡವನ್ನು ಕಿತ್ತು ಸುಡಬೇಕು, ತೋಟಕ್ಕೆ ಮತ್ತೆ ಮರ ಬೆಳೆಸಬೇಕು ಎಂದ. ನೂರೈವತ್ತು ವರ್ಷಗಳ ಅನಂತರ ಇಂದಿನ ಸಲಹಾ ಪತ್ರಗಳಲ್ಲೂ ತಿರುಳು ಇಷ್ಟೇ. ಮೈಸೂರು ಸೀಮೆಯ ಮಂಜರಾಬಾದಿನಲ್ಲಿ 1856ರಿಂದ ಕಾಫಿ ಬೆಳೆದ ರಾಬರ್ಟ್ ಎಲಿಯಟ್ 1894ರಲ್ಲಿ ತನ್ನ ಪುಸ್ತಕ ಬರೆದಾಗ ನೆರಳಿನ ಮೇಲೇ ಒಂದು ಅಧ್ಯಾಯ ಮೀಸಲಿಟ್ಟ. ಕಾಡನ್ನು ಕಡಿದು ಸುಟ್ಟದ್ದು ತಪ್ಪಾಯಿತೆಂದು ಒಪ್ಪಿ, ಯಾವ ಮರ ಇರಬೇಕು, ಯಾವುದು ಕೂಡದು ಎಂದು ಗೋಣಿ, ಬಸರಿಗಳ ಕನ್ನಡ ಹೆಸರು ಹಿಡಿದೇ ವಿವರಿಸಿದ. 1856ರಿಂದ 1894: ಒಬ್ಬ ಬೆಳೆಗಾರನ ವೃತ್ತಿಜೀವನದೊಳಗೆ ಕೊಡಲಿಯ ಕಾಲ ಮುಗಿದು ನೆರಳಿನ ಕಾಲ ಬಂದಿತ್ತು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ನೆರಳಿನ ಕಾಫಿ ಯೂರೋಪಿನವರು ಕಂಡುಹಿಡಿದದ್ದಲ್ಲ. ಫೌಲರ್ ಬರುವ ಮೊದಲೇ ಕೊಡಗಿನ ನಾಲ್ಕುನಾಡಿನ ಕಡೆ ಮಾಪಿಳ್ಳೆಗಳು ಕಾಫಿ ಬೆಳೆಸಿದ್ದರು, ಮಲೆನಾಡಿನ ಮನೆಗಳ ಹಿತ್ತಿಲಲ್ಲಿ ಮರದಡಿ ಕಾಫಿ ಇತ್ತು. ಹಾಗಿರುವಾಗ ಹುಳುವಿಗೇಕೆ ಈ ಶ್ರೇಯಸ್ಸು? ಆಕ್ಷೇಪದ ಮೊದಲರ್ಧವನ್ನು ಪೂರ್ತಿ ಒಪ್ಪುತ್ತೇನೆ. ಇಲ್ಲಿನವರ ಪದ್ಧತಿಯೇ ಸರಿಯಾಗಿತ್ತು, ಅದನ್ನು ಹಿಂದುಳಿದದ್ದೆಂದು ತಳ್ಳಿಹಾಕಿದವರು ನಷ್ಟ ಉಂಡರು. ಆದರೆ ಒಂದು ಪದ್ಧತಿ ಸರಿಯಿದ್ದ ಮಾತ್ರಕ್ಕೆ ಅದು ಗೆಲ್ಲುವುದಿಲ್ಲ. ಬಂಡವಾಳ, ಭೂಮಿ, ಕಾನೂನು ಎಲ್ಲವೂ ಕಡಿಯುವವರ ಪಕ್ಷದಲ್ಲಿದ್ದವು. ಪಕ್ಕದ ಹಿತ್ತಿಲು ಹಸಿರಾಗಿದೆ ಎಂಬುದನ್ನು ಕಂಡು ಯಾವ ಕಂಪನಿಯೂ ಕೊಡಲಿ ಕೆಳಗಿಡಲಿಲ್ಲ. ತನ್ನ ತೋಟ ಸತ್ತಾಗ ಇಟ್ಟಿತು. ಹಿತ್ತಿಲಿನಲ್ಲಿದ್ದ ತಿಳಿವಳಿಕೆಯನ್ನು ಸಾವಿರ ಎಕರೆಯ ನಿಯಮವನ್ನಾಗಿ ಮಾಡಿದ ಒತ್ತಡ ಹುಳುವಿನದು. ಹಿತ್ತಿಲಿನವರು ನೆರಳು ಉಳಿಸಿಕೊಂಡದ್ದಕ್ಕೆ ಮೆಣಸಿನ ಬಳ್ಳಿ, ಹಲಸು, ಸೌದೆ ಎಂಬ ಬೇರೆ ಕಾರಣಗಳೂ ಇದ್ದವು. ಎಸ್ಟೇಟಿಗೆ ಆಗ ಅಂಥ ಕಾರಣಗಳಿರಲಿಲ್ಲ. ಅದಕ್ಕೆ ಬೇಕಾದದ್ದು ಕಾಫಿಯೊಂದೇ, ಕಾಫಿ ಉಳಿಯಲು ಮರ ಬೇಕೆಂದು ತಿಳಿದ ಮೇಲೆ ಮರ.

ಎರಡನೆಯ ಆಕ್ಷೇಪ ಇತಿಹಾಸ ಓದಿದವರದು. ಏಷ್ಯಾದ ಕಾಫಿಯ ದಿಕ್ಕು ಬದಲಿಸಿದ್ದು ಎಲೆ ತುಕ್ಕು ರೋಗ, ದುಂಬಿಯಲ್ಲ ಎನ್ನುತ್ತಾರೆ. ಸಿಂಹಳದ ಕಾಫಿಯನ್ನು ತುಕ್ಕು ರೋಗ ಒಂದೆರಡು ದಶಕಗಳಲ್ಲಿ ಮುಗಿಸಿತು, ಅಲ್ಲಿನವರು ಚಹಾಕ್ಕೆ ಹೋದರು. ಅದೇ ರೋಗ ಇಲ್ಲಿಗೂ ಬಂತು. ಆದರೆ ಕಾಲಕ್ರಮ ನೋಡಿ. ತುಕ್ಕಿನ ಶಿಲೀಂಧ್ರಕ್ಕೆ ಬರ್ಕ್ಲಿ ಎಂಬ ಶಿಲೀಂಧ್ರತಜ್ಞ ಹೆಸರು ಕೊಟ್ಟದ್ದು 1869ರಲ್ಲಿ, ಸಿಂಹಳದಿಂದ ಹೋದ ಎಲೆಗಳನ್ನು ನೋಡಿ. ಅದೇ 1869ರಲ್ಲಿ ಬಿಡಿಯ ವರದಿ ಅಚ್ಚಾಗಿ ಕೈಸೇರಿತ್ತು. ಅಂದರೆ ತುಕ್ಕು ನಮ್ಮ ತೋಟಗಳನ್ನು ಹಿಡಿಯುವ ಹೊತ್ತಿಗೆ ನೆರಳು ಬೆಳೆಸಿ ಎಂಬ ತೀರ್ಮಾನ ಆಗಿಹೋಗಿತ್ತು. ಇನ್ನೊಂದು, ಇನ್ನೂ ಬಲವಾದ ಕಾರಣ ಎರಡು ಪೀಡೆಗಳ ಸ್ವಭಾವದಲ್ಲೇ ಇದೆ. ತುಕ್ಕು ಎಲೆಯ ಮೇಲಿನ ರೋಗ. ಕಣ್ಣಿಗೆ ಕಾಣುತ್ತದೆ, ಔಷಧಿ ತಾಗುತ್ತದೆ. ಅದಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಉತ್ತರವಾಯಿತು. ತಳಿ ಬದಲಿಸುವುದೂ ಉತ್ತರವಾಯಿತು. ಚಿಕ್ಕಮಗಳೂರಿನ ಹಳೆಯ ‘ಚಿಕ್’ ತಳಿ ಹೋಗಿ ‘ಕೂರ್ಗ್’ ಬಂತು. 1911ರಲ್ಲಿ ದೊಡ್ಡೇನಗುಡ್ಡ ಎಸ್ಟೇಟಿನಲ್ಲಿ ಕೆಂಟ್ ಆರಿಸಿದ ಗಿಡ ಅವನ ಹೆಸರಿನ ತಳಿಯಾಯಿತು. 1940ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರದಿಂದ ಎಸ್. 795 ತಳಿ ಬಂತು. ಇವೆಲ್ಲ ತುಕ್ಕಿಗೆ ಹೇಳಿದ ಉತ್ತರಗಳು, ಗಿಡದೊಳಗೇ ಹುಡುಕಿದ ಉತ್ತರಗಳು. ಕಾಂಡಕೊರಕವನ್ನು ತಡೆಯಬಲ್ಲ ಅರೇಬಿಕಾ ತಳಿ ಬೆಳೆಗಾರನ ಕೈಗೆ ಬರಲೇ ಇಲ್ಲ. ಬೊಡ್ಡೆಯೊಳಗೆ ಕೂತ ಹುಳುವಿಗೆ ಸಿಂಪಡಣೆ ತಾಗುವುದಿಲ್ಲ. ಹಾಗಾಗಿ ಅದರ ಉತ್ತರವನ್ನು ಗಿಡದ ಮೇಲಣ ಆಕಾಶದಲ್ಲಿ, ಮರದ ಕೊಂಬೆಗಳಲ್ಲಿ ಹುಡುಕಬೇಕಾಯಿತು. ತುಕ್ಕು ಗಿಡವನ್ನು ಬದಲಿಸಿತು; ಕೊರಕ ತೋಟವನ್ನು ಬದಲಿಸಿತು.

ಬರವೇ ನಿಜವಾದ ಕಾರಣ, ಹುಳು ನೆಪ ಎಂದು ಆ ಕಾಲದ ಕೆಲವರೂ ವಾದಿಸಿದರು. ಮಳೆ ಕೈಕೊಟ್ಟ ವರ್ಷ ಗಿಡದ ರಸ ಬತ್ತುತ್ತದೆ, ದುಂಬಿಗೆ ಬಿಸಿಲಿನ ದಿನಗಳು ಹೆಚ್ಚು ಸಿಗುತ್ತವೆ. ಎರಡೂ ಕೂಡಿ ಬರುತ್ತವೆ ಎಂಬುದು ದಿಟ. ಆದರೆ ಒಂದೇ ಬರ ಮರವಿದ್ದ ತೋಟದ ಮೇಲೂ ಇಲ್ಲದ ತೋಟದ ಮೇಲೂ ಬಂದಿತ್ತು, ಸತ್ತದ್ದು ಹೆಚ್ಚಾಗಿ ಎರಡನೆಯದು. ಬರ ಹೋದ ಮೇಲೂ ಹುಳು ಹೋಗಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಯೆಟ್ನಾಮಿನ ಉತ್ತರದ ಟೋಂಕಿನ್ ಪ್ರಾಂತದಲ್ಲಿ ಫ್ರೆಂಚ್ ಬೆಳೆಗಾರರು ಇದೇ ದುಂಬಿಯಿಂದ ಇಂಥದೇ ಪೆಟ್ಟು ತಿಂದರು. ಅಲ್ಲಿಗೆ ಮೈಸೂರಿನ ಬರ ಹೋಗಿರಲಿಲ್ಲ.

ನೆರಳು ಎಂದರೆ ಯಾವ ಮರವಾದರೂ ಆದೀತು ಎಂದಲ್ಲ, ಮತ್ತು ಇಲ್ಲಿಯೇ ಈ ಬೇಸಾಯದ ಸೂಕ್ಷ್ಮವಿರುವುದು. ತುಂಬ ದಟ್ಟವಾದರೆ ಕಾಫಿ ಹೂ ಕಟ್ಟುವುದಿಲ್ಲ, ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ತೆಳುವಾದರೆ ಬೊಡ್ಡೆಗೆ ಬಿಸಿಲು ಬೀಳುತ್ತದೆ. ಅದಕ್ಕಾಗಿ ಎರಡು ಅಂತಸ್ತಿನ ನೆರಳು ರೂಪುಗೊಂಡಿತು. ಕೆಳಗೆ ಬೇಗ ಬೆಳೆಯುವ, ಕಡಿದರೆ ಮತ್ತೆ ಚಿಗುರುವ ಹಾಲುವಾಣ. ಮೇಲೆ ಕಾಡಿನ ಮರಗಳು. ಹಾಲುವಾಣದ ಗೂಟವನ್ನು ಮಳೆಗಾಲದ ಮೊದಲಿಗೆ ನೆಟ್ಟರೆ ಬೇರು ಬಿಡುತ್ತದೆ. ಮುಂಗಾರು ಹಿಡಿಯುತ್ತಿದ್ದಂತೆ ಮರಗಸಿ ಮಾಡಿ, ಅಂದರೆ ಕೊಂಬೆ ಸವರಿ, ಬೆಳಕು ಬಿಡಬೇಕು. ಮೋಡವೇ ಆಗ ನೆರಳು, ದುಂಬಿಯ ಹಾರಾಟವೂ ಆಗ ನಿಂತಿರುತ್ತದೆ. ಆದರೆ ಆ ಮರಗಸಿಯನ್ನು ಎಷ್ಟು ಮಾಡಬೇಕೆಂದರೆ ಅಕ್ಟೋಬರಿನ ಬಿಸಿಲು ಬರುವ ಹೊತ್ತಿಗೆ ಚಪ್ಪರ ಮತ್ತೆ ಕೂಡಿಕೊಂಡಿರಬೇಕು. ಮರ ಹತ್ತಿ ಕತ್ತಿ ಬೀಸುವವನ ಕೈ ಅಂದಾಜು ಇಲ್ಲಿ ನಿರ್ಣಾಯಕ. ಕಾಗದದ ಮೇಲೆ ನೆರಳನ್ನು ಶೇಕಡಾವಾರು ಬರೆಯಬಹುದು. ಕೊಂಬೆಯ ಮೇಲೆ ನಿಂತವನು ಕೆಳಗೆ ಗಿಡದ ಮೇಲೆ ಆಡುವ ಬಿಸಿಲ ಚುಕ್ಕೆಗಳನ್ನು ನೋಡಿ ಅಳೆಯುತ್ತಾನೆ.

ನೆರಳಿನ ಜೊತೆಗೆ ಹುಳು ಇನ್ನೊಂದು ಕೆಲಸವನ್ನೂ ಹುಟ್ಟಿಸಿತು. ದುಂಬಿ ಹೊರಬೀಳುವ ಮೊದಲೇ ಅದಿರುವ ಗಿಡವನ್ನು ಹುಡುಕಿ, ಬೊಡ್ಡೆ ಸಮೇತ ತೆಗೆದು ಸುಡುವುದು. ತೋಟದವರ ಮಾತಿನಲ್ಲಿ ಟ್ರೇಸಿಂಗ್. ವರ್ಷಕ್ಕೆ ಎರಡು ಸಲ, ಮಾರ್ಚಿನಲ್ಲಿ ಮತ್ತು ಸೆಪ್ಟೆಂಬರಿನಲ್ಲಿ, ತೋಟದ ಒಂದೊಂದು ಗಿಡವನ್ನೂ ಮುಟ್ಟಿ ನೋಡಬೇಕು. ಎಲೆ ಹಳದಿಯಾಗಿದೆಯೇ, ಬೊಡ್ಡೆಯ ಮೇಲೆ ಗೆರೆ ಉಬ್ಬಿದೆಯೇ, ಅಲುಗಾಡಿಸಿದರೆ ಏನನ್ನುತ್ತದೆ. ಇದರ ಜೊತೆಗೆ ಮೊಟ್ಟೆಯಿಡಲು ಬಿರುಕು ಸಿಗದಂತೆ ತೆಂಗಿನ ಸಿಪ್ಪೆಯಿಂದಲೋ ಒರಟು ಕೈಗವಸಿನಿಂದಲೋ ಬೊಡ್ಡೆಯ ಸಡಿಲ ತೊಗಟೆಯನ್ನು ಉಜ್ಜುವುದು. ಯಂತ್ರಕ್ಕೆ ಸಾಧ್ಯವಾಗದ, ಎಕರೆಗೆ ಸಾವಿರ ಗಿಡಗಳಂತೆ ಬಗ್ಗಿ ಮಾಡಬೇಕಾದ ಕೆಲಸ. ಇದನ್ನು ಮಾಡಿದವರು ಯಾರು? ಕೊಡಗಿನ ಯರವರು, ಕಾಡಿನ ಕುರುಬರು, ಮತ್ತು ಮೇಸ್ತ್ರಿಗಳ ಕೈಯಿಂದ ಮುಂಗಡ ಪಡೆದು ಮೈಸೂರು ಸೀಮೆಯ ಬಯಲಿನಿಂದ ಘಟ್ಟ ಹತ್ತಿದವರು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಊರುಗಳಿಗೆ ಕೊಡಗಿನ ತೋಟ ಎಂದರೆ ಸುಗ್ಗಿಯ ಕಾಳು ಮುಗಿದ ಮೇಲಿನ ಬದುಕು. ಮುಂಗಡ ತೀರಿಸದೆ ಬಿಟ್ಟುಹೋದವರನ್ನು ಶಿಕ್ಷಿಸಲು 1859ರ ಕರಾರು ಉಲ್ಲಂಘನೆ ಕಾಯ್ದೆ ಇತ್ತು. ನಾಗರಹೊಳೆಯ ಹಾಡಿಗಳಿಂದ ಹೊರಬಂದ ಜೇನುಕುರುಬರು, ಹುಣಸೂರು ತಾಲ್ಲೂಕಿನ ನಾಗಾಪುರದ ಪುನರ್ವಸತಿ ಕೇಂದ್ರದಲ್ಲಿ ನೆಲೆಗೊಂಡವರೂ ಸೇರಿ, ಇವತ್ತಿಗೂ ಕೂಲಿಗಾಗಿ ಕೊಡಗಿನ ತೋಟಗಳಿಗೆ ಜೀಪು ಹತ್ತುತ್ತಾರೆ. ಬಿಡಿಯ ಹೆಸರು ಉಳಿದಿದೆ, ಎಲಿಯಟ್ಟನ ಹೆಸರು ಉಳಿದಿದೆ. ತೊಗಟೆಯ ಮೇಲೆ ಬೆರಳಾಡಿಸಿ ಒಳಗಿನ ಹುಳುವಿನ ದಾರಿ ಓದಬಲ್ಲವರ ಹೆಸರು ಯಾವ ವರದಿಗೂ ಬರಲಿಲ್ಲ. ನೂರೈವತ್ತು ವರ್ಷ ಈ ತೋಟಗಳನ್ನು ಉಳಿಸಿದ ವಿದ್ಯೆಯ ಅರ್ಧ ಪಾಲು ಅವರ ಬೆರಳುಗಳಲ್ಲಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಆಳುಗಳು ಹತ್ತಿದ ದಾರಿಯಲ್ಲೇ ಕಾಫಿ ಇಳಿಯಿತು. ತಿತಿಮತಿ, ಆನೆಚೌಕೂರು ದಾಟಿ ಗಾಡಿಗಳು ಹುಣಸೂರು ಸೇರುತ್ತಿದ್ದವು. ಪಿರಿಯಾಪಟ್ಟಣದ ದಾರಿಯಿಂದ ಉತ್ತರ ಕೊಡಗಿನ ಗಾಡಿಗಳು. ಹುಣಸೂರಿಗೆ ಗಾಡಿಯೂ ಹೊಸದಲ್ಲ, ಎತ್ತೂ ಹೊಸದಲ್ಲ. ಅಮೃತಮಹಲ್ ದನಗಳ ಮುಖ್ಯ ಠಾಣೆ ಅಲ್ಲಿತ್ತು. ಮದ್ರಾಸ್ ಸೈನ್ಯದ ಕಮಿಸರಿಯೇಟಿನ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕೆಲಸ, ಮರದ ಅಂಗಳ ಅಲ್ಲಿದ್ದವು. 1864ರಲ್ಲಿ ಆ ಕಾರ್ಖಾನೆಗಳು ಮುಚ್ಚಿದ ಮೇಲೂ ಕೈಕಸುಬಿನವರು, ಗಾಡಿ ಮಾಡುವ ಬಡಗಿಗಳು ಊರಲ್ಲೇ ಉಳಿದರು, ಅವರ ಪಕ್ಕದಲ್ಲಿ ಕಾಫಿ ವರ್ಕ್ಸ್ ಎದ್ದವು. ಕೊಡಗಿನ ತೇವದ ಗಾಳಿಯಲ್ಲಿ ಕಾಫಿ ಪೂರ್ತಿ ಒಣಗುವುದಿಲ್ಲ. ಹುಣಸೂರಿನ ಬಯಲು ಬಿಸಿಲು ಅದಕ್ಕೆ ಹೇಳಿಮಾಡಿಸಿದಂತಿತ್ತು. ಕಣದಲ್ಲಿ ಹರಡಿ ಒಣಗಿಸಿ, ಬೀಜದ ಮೇಲಿನ ಪಾರ್ಚ್‌ಮೆಂಟ್ ಸಿಪ್ಪೆ ತೆಗೆದು, ಹೆಂಗಸರು ಕೂತು ಕಪ್ಪುಕಾಳು ಆರಿಸಿ, ದರ್ಜೆಗೊಳಿಸಿ ಮೂಟೆ ಕಟ್ಟುತ್ತಿದ್ದರು. ಒಂದು ವಿಚಿತ್ರವನ್ನು ಇಲ್ಲಿ ಗುರುತಿಸದಿರಲಾರೆ: ಗಿಡವಾಗಿದ್ದಾಗ ಯಾವ ಬಿಸಿಲಿನಿಂದ ಕಾಫಿಯನ್ನು ಕಾಯಬೇಕೋ, ಬೀಜವಾದ ಮೇಲೆ ಅದೇ ಬಿಸಿಲನ್ನು ಅರಸಿ ಅದು ಮೈಲಿಗಟ್ಟಲೆ ಇಳಿದುಬರುತ್ತಿತ್ತು. ಕಾಡಿನ ಈಚೆಗೆ ಬಿಸಿಲಿನ ಕಣ, ಆಚೆಗೆ ನೆರಳಿನ ತೋಟ. ಎರಡೂ ಒಂದೇ ಕಸುಬಿನ ಎರಡು ಕೊನೆಗಳು.

ನೆರಳಿನ ಹಿಂದೆ ಹುಳುವಿದೆ ಎಂಬುದಕ್ಕೆ ತಕ್ಕ ಪರೀಕ್ಷೆಯೊಂದಿದೆ. ಹುಳುವಿನ ಭಯ ಹೋದಾಗ ನೆರಳು ಏನಾಯಿತು ಎಂದು ನೋಡಬೇಕು. ಮೈಸೂರು ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. 1934ರಲ್ಲಿ ಇಲಾಖೆಯ ಕೀಟತಜ್ಞ ಟಿ. ವಿ. ಸುಬ್ರಹ್ಮಣ್ಯಂ ಕಾಂಡಕೊರಕದ ಮೇಲೆ ಪ್ರತ್ಯೇಕ ಪುಸ್ತಿಕೆ ಬರೆದರು. ಅಲ್ಲಿಯ ತನಕ ಮಾತು ನೆರಳು, ಟ್ರೇಸಿಂಗ್, ಬೆಂಕಿಯದೇ. ಎರಡನೆಯ ಮಹಾಯುದ್ಧದ ನಂತರ ಬಿಎಚ್‌ಸಿ ಎಂಬ ಕೀಟನಾಶಕ, ಅದರ ಹಿಂದೆ ಲಿಂಡೇನ್ ಬಂತು. ದುಂಬಿ ಹಾರುವ ತಿಂಗಳುಗಳಲ್ಲಿ ಬೊಡ್ಡೆಗೆ ಹೊಡೆದರೆ ಮೊಟ್ಟೆಯಿಡಲು ಬಂದದ್ದೂ ಹೊಸ ಮರಿಯೂ ಸಾಯುತ್ತಿದ್ದವು. ಆ ದಶಕಗಳಲ್ಲೇ ಕಾಡುಮರ ಹೋಗಿ ಸಿಲ್ವರ್ ಓಕ್ ತೋಟಗಳನ್ನು ತುಂಬಿತು: ಆಸ್ಟ್ರೇಲಿಯಾದ ನೆಟ್ಟಗಿನ ಮರ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹತ್ತುತ್ತದೆ, ಕಾಡುಮರಗಳಿಗೆ ಬೇಕಾದ ಅನುಮತಿಯ ತೊಡಕಿಲ್ಲದೆ ಕಡಿದು ಮಾರಬಹುದು, ನೆರಳು ಮಾತ್ರ ಜರಡಿ ಹಿಡಿದಂತೆ. ಮರದ ಬೆಲೆ, ಮೆಣಸಿನ ಬೆಲೆ, ಅರಣ್ಯ ಕಾನೂನು ಎಲ್ಲವೂ ಈ ಬದಲಾವಣೆಗೆ ಕಾರಣ, ಅಲ್ಲಗಳೆಯುವುದಿಲ್ಲ. ಆದರೆ ಬೊಡ್ಡೆಗೆ ಹೊಡೆಯಲು ಒಂದು ವಿಷ ಕೈಯಲ್ಲಿರದಿದ್ದರೆ ಯಾವ ಅರೇಬಿಕಾ ಬೆಳೆಗಾರನೂ ತೋಟವನ್ನು ಅಷ್ಟು ತೆಳುಮಾಡುವ ಧೈರ್ಯ ತೋರುತ್ತಿರಲಿಲ್ಲ. ಮಣ್ಣಿನಲ್ಲೂ ಮೈಯಲ್ಲೂ ಉಳಿಯುವ ಲಿಂಡೇನಿನ ಬಳಕೆ 2013ರಲ್ಲಿ ದೇಶದಲ್ಲಿ ನಿಂತಿತು. ಈಗ ಬಾಳೆಹೊನ್ನೂರು, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರಗಳು ಹೇಳುವುದು ಬೊಡ್ಡೆಗೆ ಸುಣ್ಣ ಬಳಿಯಿರಿ, ಗಂಡುದುಂಬಿಯ ವಾಸನೆ ಹಾಕಿದ ಬೋನುಗಳನ್ನು ತೂಗುಹಾಕಿ, ಟ್ರೇಸಿಂಗ್ ಬಿಡಬೇಡಿ, ನೆರಳು ಹೆಚ್ಚಿಸಿ. ಬೋನು ಹೊಸದು, ಟ್ರೇಸಿಂಗೂ ನೆರಳೂ 1869ರವು.

ಕೊನೆಯ ಆಕ್ಷೇಪ ಬೆಳೆಗಾರರದೇ, ಮತ್ತು ಅದು ನೋವಿನಿಂದ ಬಂದದ್ದು. ಒಳ್ಳೆಯ ನೆರಳಿರುವ ತೋಟದಲ್ಲೂ ಬೋರರ್ ಬಂದು ಗಿಡ ಸಾಯುತ್ತಿಲ್ಲವೇ ಎನ್ನುತ್ತಾರೆ. ಸಾಯುತ್ತವೆ. ನೆರಳು ಗೋಡೆಯಲ್ಲ. ಒಂದು ಮರ ಬಿದ್ದ ಕಡೆ, ರಸ್ತೆಯ ಅಂಚಿನಲ್ಲಿ, ಪಡುವಣ ಬಿಸಿಲು ಬೀಳುವ ಇಳಿಜಾರಿನಲ್ಲಿ ಹುಳು ಕಾಲೂರುತ್ತದೆ. ಪಕ್ಕದ ತೋಟದವರು ಟ್ರೇಸಿಂಗ್ ಬಿಟ್ಟರೆ ಅಲ್ಲಿಂದ ಹಾರಿಬರುತ್ತದೆ. ಆಳು ಸಿಗದ ವರ್ಷ ಒಂದು ಸುತ್ತು ತಪ್ಪಿದರೆ, ಆ ಗಿಡಗಳಲ್ಲಿದ್ದದ್ದೆಲ್ಲ ಮುಂದಿನ ಹಾರಾಟಕ್ಕೆ ಸೇರುತ್ತದೆ. ಹುಳುವಿನ ಲೆಕ್ಕ ತೋಟದ ಬೇಲಿಯನ್ನು ಕಾಣುವುದಿಲ್ಲ. ಬೆಳೆಗಾರನ ಲೆಕ್ಕ ಬೇಲಿಯಲ್ಲಿ ನಿಲ್ಲುತ್ತದೆ. ಈ ಏರುಪೇರೇ ಅನೇಕರನ್ನು ಅರೇಬಿಕಾ ಬಿಡುವಂತೆ ಮಾಡಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬಂದ ರೋಬಸ್ಟಾ ಜಾತಿಯ ಕಾಫಿಯನ್ನು ಈ ದುಂಬಿ ಹೆಚ್ಚುಕಡಿಮೆ ಮುಟ್ಟುವುದಿಲ್ಲ. ತುಕ್ಕು ಕೂಡ ಅದನ್ನು ಅಷ್ಟಾಗಿ ಕಾಡುವುದಿಲ್ಲ. ಅದಕ್ಕೆ ಬಿಸಿಲು ಹೆಚ್ಚು ಬೇಕು, ಬೇಸಿಗೆಯಲ್ಲಿ ನೀರು ಹಾಯಿಸಿದರೆ ಇಳುವರಿ ಏರುತ್ತದೆ. ಇಂದು ದೇಶದ ಕಾಫಿಯಲ್ಲಿ ಸುಮಾರು ಶೇ. 70 ರೋಬಸ್ಟಾ, ಬಿದಿರು ಸೀಮೆಯ ಹಳೆಯ ಅರೇಬಿಕಾ ತೋಟಗಳಲ್ಲಿ ಬಹುಪಾಲು ಅದಕ್ಕೇ ತಿರುಗಿವೆ. ಬೆಲೆ, ಇಳುವರಿ, ಆಳಿನ ಅಭಾವ ಎಲ್ಲವೂ ಕೂಡಿದ ತಿರುವು ಅದು, ಆದರೆ ಅರೇಬಿಕಾ ಕಿತ್ತವರು ಮೊದಲು ಹೇಳುವ ಕಾರಣ ಬೋರರ್ ಎಂಬುದೇ. ಗಿಡ ಬದಲಾದ ತೋಟದಲ್ಲಿ ಮರಗಸಿಯ ಕತ್ತಿ ಹೆಚ್ಚು ಧಾರಾಳವಾಗುತ್ತದೆ, ಹಾಲುವಾಣದ ಗೂಟ ನೆಡುವುದು ಕಡಿಮೆಯಾಗುತ್ತದೆ, ಮಾರ್ಚ್-ಸೆಪ್ಟೆಂಬರಿನ ಹುಡುಕಾಟ ನಿಲ್ಲುತ್ತದೆ. ಆನೆಚೌಕೂರಿನ ದಾರಿಯಲ್ಲಿ ಹುಣಸೂರಿನ ಕಡೆ ಇಳಿಯುವ ಲಾರಿಗಳಲ್ಲಿ ಅರೇಬಿಕಾದ ಪಾರ್ಚ್‌ಮೆಂಟ್ ಮೂಟೆ ಕಡಿಮೆ, ಹಣ್ಣಿನ ಸಮೇತ ಒಣಗಿಸಿದ ರೋಬಸ್ಟಾದ ಒಣಚೆರಿಯ ಮೂಟೆ ಹೆಚ್ಚು.